ಸಿ-7 ನಮೂನೆಯನ್ನು ಮೊದಲ ಪುಟಕ್ಕೆ ತನ್ನಿ

ಮಾನ್ಯ ಸಂಪಾದಕರೇ,

ಕೇಸುಗಳ ಗಂಟು ಹೊತ್ತ ನಾಯಕರೊಬ್ಬರು ಭಾರಿ ಅಂತರದಿಂದ ಗೆದ್ದ ಮರುದಿನ ಸಂಪಾದಕೀಯಗಳಲ್ಲೂ ಟಿ.ವಿ. ಚರ್ಚೆಗಳಲ್ಲೂ ಕೇಳಿಬರುವುದು ಒಂದೇ ರಾಗ: ಮತದಾರರಿಗೇ ಬುದ್ಧಿಯಿಲ್ಲದ ಮೇಲೆ ಯಾರೇನು ಮಾಡಲಾದೀತು? ಜಾತಿ ನೋಡಿದರು, ನೋಟು ಇಸಿದುಕೊಂಡರು, ಗುಂಡಿ ಒತ್ತಿದರು. ಈ ಬೈಗುಳದಲ್ಲಿ ಹುರುಳಿಲ್ಲ. ತಮ್ಮ ನಾಯಕನ ಮೇಲಿರುವ ಕೇಸುಗಳು ಕ್ಷೇತ್ರದ ಜನರಿಗೆ ಪತ್ರಕರ್ತರಿಗಿಂತ ಮೊದಲೇ ಗೊತ್ತಿರುತ್ತವೆ. ಜೊತೆಗೆ ಇನ್ನೊಂದು ವಿಷಯವೂ ಅವರಿಗೆ ಗೊತ್ತು. ಇವತ್ತು ‘ರಾಜೀನಾಮೆ ಕೊಡಿ’ ಎಂದು ಬೀದಿಗಿಳಿದಿರುವ ಪಕ್ಷ, ಅದೇ ಆರೋಪ ತನ್ನವರ ಮೇಲೆ ಬಂದಾಗ ‘ರಾಜಕೀಯ ಪ್ರೇರಿತ’ ಎನ್ನುತ್ತದೆ. ಹೇಳುವವರ ಮೇಲೆಯೇ ನಂಬಿಕೆ ಹೋದಾಗ ಹೇಳಿದ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ‘ಎಲ್ಲರೂ ತಿನ್ನೋರೇ, ನಮ್ಮೋರು ಕೆಲಸನಾದ್ರೂ ಮಾಡ್ತಾರೆ’ ಎಂಬ ಮಾತು ಹುಟ್ಟುವುದು ಅಲ್ಲಿ.

ಹೀಗಾಗಿ ಮತದಾರರ ನಿಷ್ಠೆಯ ಬಗ್ಗೆ ಉಪದೇಶ ಸಾಕು. ಪಕ್ಷಗಳ ಇಬ್ಬಗೆ ನೀತಿ ತಾರೀಕು, ಸಹಿ, ಮೊಹರಿನ ಸಮೇತ ಸರ್ಕಾರಿ ಕಡತಗಳಲ್ಲೇ ಕೂತಿದೆ; ಕೇಸಿರುವವರಿಗೆ ಟಿಕೆಟ್ ಕೊಟ್ಟದ್ದೇಕೆಂದು ಪಕ್ಷವೇ ಪ್ರಕಟಿಸಬೇಕಾದ ಸಿ-7 ನಮೂನೆಯಲ್ಲೂ ಇದೆ. ಅದನ್ನು ಹೊರತೆಗೆದು ಅಕ್ಕಪಕ್ಕ ಅಚ್ಚು ಹಾಕುವ ಕೆಲಸವನ್ನು ನಿಮ್ಮಂಥ ಪತ್ರಿಕೆಗಳು ಮಾಡಬೇಕು ಎಂಬುದೇ ಈ ಪತ್ರದ ಕೋರಿಕೆ.

ಮೊದಲಿಗೆ ರಾಜಭವನದಿಂದ ಹೊರಟ ಎರಡು ಆದೇಶಗಳು. 2011ರ ಜನವರಿ 21ರಂದು ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ವಿರುದ್ಧ ಭೂ ಹಗರಣದ ದೂರಿನಲ್ಲಿ ಮೊಕದ್ದಮೆಗೆ ಅನುಮತಿ ಕೊಟ್ಟರು. ಮರುದಿನ ಆಡಳಿತ ಪಕ್ಷ ಬಿಜೆಪಿಯೇ ರಾಜ್ಯ ಬಂದ್‌ಗೆ ಕರೆ ಕೊಟ್ಟಿತು. ರಾಜಭವನ ಕೇಂದ್ರದ ಆಳುವ ಪಕ್ಷದ ಕಚೇರಿಯಾಗಿದೆ ಎಂಬುದು ಅದರ ವಾದ. ನೈತಿಕ ಹೊಣೆ ಹೊತ್ತು ಕೆಳಗಿಳಿಯಿರಿ ಎಂಬುದು ಕಾಂಗ್ರೆಸ್ಸಿನ ಪಟ್ಟು. 2024ರ ಆಗಸ್ಟ್‌ನಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರು ಮುಡಾದ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) 14 ನಿವೇಶನಗಳ ವಿಚಾರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧ ಅನುಮತಿ ಕೊಟ್ಟರು. ಈ ಸಲ ಬೀದಿಗಿಳಿದದ್ದು ಕಾಂಗ್ರೆಸ್, ನೈತಿಕತೆಯ ಪಾಠ ಹೇಳಿದ್ದು ಬಿಜೆಪಿ ಮತ್ತು ಜೆಡಿಎಸ್. ಎರಡೂ ಕಾಲದ ಪತ್ರಿಕಾ ಹೇಳಿಕೆಗಳಲ್ಲಿ ಪಕ್ಷದ ಹೆಸರನ್ನು ಅದಲು ಬದಲು ಮಾಡಿದರೆ ಉಳಿದದ್ದನ್ನು ತಿದ್ದುವ ಅಗತ್ಯವೇ ಬೀಳದು. ಮುಡಾ ವಿಚಾರದಲ್ಲಿ ರಾಜ್ಯಪಾಲರ ಅನುಮತಿಯನ್ನು ಹೈಕೋರ್ಟ್ 2024ರ ಸೆಪ್ಟೆಂಬರ್ 24ರಂದು ಎತ್ತಿಹಿಡಿಯಿತು. 2025ರಲ್ಲಿ ಲೋಕಾಯುಕ್ತ ಪೊಲೀಸರು ಮುಖ್ಯಮಂತ್ರಿಯವರ ಮಟ್ಟಿಗೆ ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟ್ ಹಾಕಿದರು. ಯಡಿಯೂರಪ್ಪನವರು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿಯ ಬಳಿಕ 2011ರ ಜುಲೈನಲ್ಲಿ ರಾಜೀನಾಮೆ ಕೊಟ್ಟು, ಅಕ್ಟೋಬರ್‌ನಲ್ಲಿ ಜೈಲಿಗೆ ಹೋಗಿ, 2014ರಲ್ಲಿ ಶಿವಮೊಗ್ಗದಿಂದ 3.6 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಲೋಕಸಭೆಗೆ ಗೆದ್ದರು. ಗಣಿ ಕಂಪನಿಯ ದೇಣಿಗೆಯ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದ್ದು 2016ರ ಅಕ್ಟೋಬರ್‌ನಲ್ಲಿ. ಅಂದರೆ ಮತದಾರರ ತೀರ್ಪು ನ್ಯಾಯಾಲಯದ ತೀರ್ಪಿಗಿಂತ ಎರಡೂವರೆ ವರ್ಷ ಮೊದಲೇ ಬಂದಿತ್ತು.

ತೀರ್ಪಿನ ಈ ವಿಳಂಬವೂ ನಿಷ್ಠೆಯನ್ನು ಬೆಳೆಸುತ್ತದೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ನಮ್ಮ ಬೆಂಗಳೂರಿನಲ್ಲೇ ನಡೆದದ್ದು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹ ಅವರು 4 ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿತು. ಆ ತೀರ್ಪಿನಲ್ಲಿ, ಆದಾಯವೆಂದು ಲೆಕ್ಕಕ್ಕೆ ಹಿಡಿದ ಸಾಲಗಳ ಪಟ್ಟಿಯೊಂದಿದೆ. ಕೆಳಗೆ ಬರೆದ ಮೊತ್ತ 24.17 ಕೋಟಿ; ಸಾಲುಗಳನ್ನು ಕೂಡಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿಯ ಈ ಹೆಚ್ಚುವರಿಯಿಂದಾಗಿ ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇ 8.12 ಎಂದಾಯಿತು, ನ್ಯಾಯಾಲಯಗಳು ರಿಯಾಯಿತಿ ಕೊಡುವ ಶೇ 10ರ ಮಿತಿಯೊಳಗೆ ಬಂತು. 2016ರ ಮೇನಲ್ಲಿ ತಮಿಳುನಾಡಿನ ಜನ ಅವರನ್ನು ಮತ್ತೆ ಅಧಿಕಾರಕ್ಕೆ ತಂದರು. ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯದ ತೀರ್ಪೇ ಸರಿ ಎಂದದ್ದು 2017ರ ಫೆಬ್ರುವರಿ 14ರಂದು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಎರಡು ತಿಂಗಳು ಕಳೆದಿತ್ತು. ನ್ಯಾಯಾಲಯಗಳೇ ಎರಡು ಬಾರಿ ದಿಕ್ಕು ಬದಲಿಸಿದ ಕೇಸಿನಲ್ಲಿ ಮತದಾರರು ಯಾವ ತೀರ್ಪು ನೋಡಿ ಮತ ಹಾಕಬೇಕಿತ್ತು?

ಇನ್ನು ಎಸಿಬಿ. 2016ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ, ಲೋಕಾಯುಕ್ತ ಪೊಲೀಸರ ಕೈಯಿಂದ ಭ್ರಷ್ಟಾಚಾರ ತಡೆ ಕಾಯ್ದೆಯ ತನಿಖೆಯನ್ನು ಕಿತ್ತುಕೊಂಡಿತು. ಬಿಜೆಪಿ ಕೆಂಡ ಕಾರಿತು, ಅಧಿಕಾರಕ್ಕೆ ಬಂದರೆ ರದ್ದು ಎಂದಿತು. 2019ರ ಜುಲೈನಲ್ಲಿ ಅಧಿಕಾರಕ್ಕೂ ಬಂತು. ಮೂರು ವರ್ಷ ಎಸಿಬಿ ಹಾಗೇ ಇತ್ತು. ಕೊನೆಗೆ 2022ರ ಆಗಸ್ಟ್ 11ರಂದು ಅದನ್ನು ರದ್ದು ಮಾಡಿದ್ದು ಹೈಕೋರ್ಟ್. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಸಿಗಲಾರದು.

ಕೇಸು ಹಿಂತೆಗೆತದ ಕಡತವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇದು ಸದ್ದಿಲ್ಲದೆ ನಡೆಯುವ ಕೆಲಸ. ಶಾಸಕರೋ ಸಂಘಟನೆಯೋ ಗೃಹ ಸಚಿವರಿಗೆ ಮನವಿ ಕೊಡುತ್ತಾರೆ. ಗೃಹ ಇಲಾಖೆ ಅದರ ಮೇಲೆ ಪೊಲೀಸ್ ಮಹಾನಿರ್ದೇಶಕರ, ಅಭಿಯೋಜನಾ ಇಲಾಖೆಯ, ಕಾನೂನು ಇಲಾಖೆಯ ಅಭಿಪ್ರಾಯ ಕೇಳುತ್ತದೆ. ನಂತರ ಸಂಪುಟ ಉಪಸಮಿತಿ, ಆಮೇಲೆ ಸಂಪುಟ, ಆಮೇಲೆ ಸರ್ಕಾರಿ ಆದೇಶ. ಕಡೆಗೆ ಸರ್ಕಾರಿ ಅಭಿಯೋಜಕರು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 321ರ ಅಡಿ (ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನ 360) ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಕಾನೂನಿನ ಪ್ರಕಾರ ಅಭಿಯೋಜಕರು ಸ್ವಂತ ವಿವೇಚನೆಯಿಂದ ಅರ್ಜಿ ಹಾಕಬೇಕೇ ಹೊರತು ಸಂಪುಟದ ಅಂಚೆಯವರಂತೆ ಅಲ್ಲ. 2020ರ ಆಗಸ್ಟ್ 31ರಂದು ಬಿಜೆಪಿ ಸರ್ಕಾರ 61 ಕೇಸು ಹಿಂಪಡೆಯಲು ಆದೇಶಿಸಿತು. ಪಟ್ಟಿಯಲ್ಲಿ ಹಾಲಿ ಸಚಿವರು, ಸಂಸದರ ಕೇಸುಗಳಿದ್ದವು. ಇವು ಹಿಂಪಡೆಯಲು ತಕ್ಕ ಕೇಸುಗಳಲ್ಲ ಎಂದು ಪೊಲೀಸ್, ಅಭಿಯೋಜನೆ, ಕಾನೂನು ಇಲಾಖೆಗಳು ಬರೆದಿದ್ದವು. ಡಿಸೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಕಾಂಗ್ರೆಸ್ ಅಂದು ಟೀಕಿಸಿತ್ತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಹಳೇ ಹುಬ್ಬಳ್ಳಿ ಗಲಭೆಯದೂ ಸೇರಿ 43 ಕೇಸು ಹಿಂಪಡೆಯಲು ಆದೇಶಿಸಿತು. ಬಿಜೆಪಿ ಓಲೈಕೆ ಎಂದು ಬೊಬ್ಬೆ ಹಾಕಿತು. 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಾಲಿ ಮತ್ತು ಮಾಜಿ ಸಂಸದರು, ಶಾಸಕರ ಕೇಸನ್ನು ಆಯಾ ಹೈಕೋರ್ಟಿನ ಒಪ್ಪಿಗೆಯಿಲ್ಲದೆ ಹಿಂಪಡೆಯಕೂಡದು ಎಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್ 10ರಂದೇ ಹೇಳಿದೆ. ಆದ್ದರಿಂದ ನಾಯಕರ ಹೆಸರಿಗಿಂತ ‘ಕಾರ್ಯಕರ್ತರು’, ‘ಅಮಾಯಕರು’ ಎಂಬ ಹೆಸರಿನ ಪಟ್ಟಿಗಳ ಮೇಲೆ ಇನ್ನು ಮುಂದೆ ಹೆಚ್ಚು ಕಣ್ಣಿಡಬೇಕು.

ಹಾಸನದ ಕಥೆಯಂತೂ ಪಾಠದಂತಿದೆ. 2019ರಲ್ಲಿ ಜೆಡಿಎಸ್ ಅಭ್ಯರ್ಥಿ ಪ್ರಜ್ವಲ್ ರೇವಣ್ಣ ಅವರ ಬೆನ್ನಿಗೆ ನಿಂತದ್ದು ಮಿತ್ರಪಕ್ಷ ಕಾಂಗ್ರೆಸ್. ಎದುರಾಳಿ ಬಿಜೆಪಿಯ ಎ. ಮಂಜು. ಗೆದ್ದ ಪ್ರಜ್ವಲ್ ಅವರು ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ಆಸ್ತಿ ಮುಚ್ಚಿಟ್ಟಿದ್ದಾರೆಂದು ಮಂಜು ಅವರೂ ಕ್ಷೇತ್ರದ ಮತದಾರರೊಬ್ಬರೂ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಿದರು. ಅರ್ಜಿ ವಿಚಾರಣೆಯಲ್ಲಿರುವಾಗಲೇ ಮಂಜು ಅವರು ಜೆಡಿಎಸ್ ಸೇರಿ, 2023ರ ಮೇನಲ್ಲಿ ಅರಕಲಗೂಡಿನಿಂದ ಅದೇ ಪಕ್ಷದ ಶಾಸಕರಾದರು. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಪ್ರಜ್ವಲ್ ಅವರ ಆಯ್ಕೆಯನ್ನು ಅಸಿಂಧುಗೊಳಿಸಿತು. ತಮ್ಮನ್ನು ವಿಜೇತ ಎಂದು ಘೋಷಿಸಬೇಕೆಂಬ ಮಂಜು ಅವರ ಕೋರಿಕೆಯನ್ನೂ, ಅವರೂ ಚುನಾವಣಾ ಅಕ್ರಮ ಎಸಗಿದ್ದಾರೆಂದು ತಳ್ಳಿಹಾಕಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದೇ ತಿಂಗಳಲ್ಲೇ ಜೆಡಿಎಸ್ ಬಿಜೆಪಿಯ ಮಿತ್ರಕೂಟ ಸೇರಿತು. 2024ರಲ್ಲಿ ಅದೇ ಅಭ್ಯರ್ಥಿಗೆ ಮತ ಕೇಳಿದ್ದು ಬಿಜೆಪಿ, ಅವರ ಚಾರಿತ್ರ್ಯ ಬಯಲಿಗೆಳೆದದ್ದು ಕಾಂಗ್ರೆಸ್. ಲೈಂಗಿಕ ದೌರ್ಜನ್ಯದ್ದೆನ್ನಲಾದ ವಿಡಿಯೊಗಳು ಹರಿದಾಡಿದ್ದು ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಮೊದಲು. ಪಕ್ಷ ಅವರನ್ನು ಅಮಾನತು ಮಾಡಿದ್ದು 30ರಂದು, ಮತಯಂತ್ರಗಳಿಗೆ ಬೀಗ ಬಿದ್ದ ಮೇಲೆ. ಅವರು ಸೋತದ್ದು 42,649 ಮತಗಳಿಂದ. ಬಿದ್ದ ಮತ ಆರು ಲಕ್ಷಕ್ಕೂ ಹೆಚ್ಚು. ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದದ್ದು 2025ರ ಆಗಸ್ಟ್ 2ರಂದು.

ಆ ಆರು ಲಕ್ಷ ಜನರನ್ನು ನಿಂದಿಸುವ ಮೊದಲು ಎರಡು ಸಂಗತಿ ನೆನಪಿಡಬೇಕು. ನಾಮಪತ್ರದ ಹೊತ್ತಿಗೆ ಲೈಂಗಿಕ ದೌರ್ಜನ್ಯದ ಎಫ್‌ಐಆರ್ ಇರಲಿಲ್ಲ, ಆದ್ದರಿಂದ ಪ್ರಮಾಣಪತ್ರದಲ್ಲಿ ಅದು ಕಾಣಿಸುವ ದಾರಿಯೂ ಇರಲಿಲ್ಲ. ಆದರೆ ಆಸ್ತಿ ಮುಚ್ಚಿಟ್ಟ ಬಗ್ಗೆ ಹೈಕೋರ್ಟಿನ ತೀರ್ಪು ಬಂದು ಏಳು ತಿಂಗಳಾಗಿತ್ತು. ಅದನ್ನು ಪ್ರಚಾರದಲ್ಲಿ ದೊಡ್ಡದು ಮಾಡಲು ಯಾವ ಪಕ್ಷಕ್ಕೂ ಬಾಯಿ ಇರಲಿಲ್ಲ, ಏಕೆಂದರೆ ಮೂರೂ ಪಕ್ಷ ಒಂದಲ್ಲ ಒಂದು ವರ್ಷ ಅವರ ಪರವಾಗಿ ಮತ ಕೇಳಿದ್ದವು.

ನಿಷ್ಠೆಗೆ ಇನ್ನೊಂದು ಬೇರಿದೆ, ಅದು ತಾಲ್ಲೂಕು ಕಚೇರಿಯಲ್ಲಿದೆ. ಬಗರ್‌ಹುಕುಂ (ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಮಾಡಿದ) ಸಾಗುವಳಿಯ ಸಕ್ರಮಕ್ಕೆ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದ ರೈತರ ಕಡತ ತೀರ್ಮಾನವಾಗುವುದು ಶಾಸಕರ ಅಧ್ಯಕ್ಷತೆಯ ಸಮಿತಿಯಲ್ಲಿ. ಆಶ್ರಯ ಮನೆಯ ಪಟ್ಟಿಯಲ್ಲಿ, ಗಂಗಾ ಕಲ್ಯಾಣದ ಕೊಳವೆಬಾವಿಯ ಆಯ್ಕೆಯಲ್ಲಿ ಅವರದೇ ಮಾತು. ತಹಶೀಲ್ದಾರ್, ಇನ್‌ಸ್ಪೆಕ್ಟರ್, ಬಿಇಒ ಯಾರು ಬರಬೇಕೆಂಬುದು ಅವರ ‘ಮಿನಿಟ್’ (ಶಿಫಾರಸು ಚೀಟಿ) ಮೇಲೆ ನಡೆಯುತ್ತದೆಂದು ಊರಿನ ಹೋಟೆಲಿನಲ್ಲಿ ಚಹಾ ಕುಡಿಯುವವರಿಗೂ ಗೊತ್ತು. ಇಪ್ಪತ್ತು ವರ್ಷ ಉತ್ತ ಎರಡು ಎಕರೆಯ ಸಾಗುವಳಿ ಚೀಟಿ ಶಾಸಕರ ಸಹಿಗೆ ಕಾದಿರುವಾಗ, ಅವರ ಮೇಲಿನ ಕೇಸಿಗೆ ರೈತರು ಸಿಟ್ಟಾಗಬೇಕೆಂದು ಬಯಸುವುದು ನಗರದವರ ಸುಖ. ಕೊಲೆ ಪ್ರಕರಣದ ಆರೋಪಿಯಾಗಿದ್ದ ವಿನಯ್ ಕುಲಕರ್ಣಿ ಅವರು 2023ರಲ್ಲಿ ಜಾಮೀನು ಷರತ್ತಿನಿಂದಾಗಿ ಧಾರವಾಡ ಜಿಲ್ಲೆಗೆ ಕಾಲಿಡಲಾಗದೆಯೂ ಧಾರವಾಡ ಕ್ಷೇತ್ರದಲ್ಲಿ ಗೆದ್ದರು. ಬಳ್ಳಾರಿಗೆ ಹೋಗಲು ನ್ಯಾಯಾಲಯದ ನಿರ್ಬಂಧವಿದ್ದ ಜನಾರ್ದನ ರೆಡ್ಡಿ ಅವರು ಸ್ವಂತ ಪಕ್ಷ ಕಟ್ಟಿ ಪಕ್ಕದ ಗಂಗಾವತಿಯಲ್ಲಿ ಗೆದ್ದರು. ಊರಿಗೆ ಬರಲಾಗದ ನಾಯಕರ ‘ಕೆಲಸ ಮಾಡಿಸುವ’ ಜಾಲ ಊರಿನಲ್ಲೇ ಇತ್ತು.

ಈಗ ಓದುಗರಿಗೆ ಕೈಗೆಟಕುವ ಕೆಲಸಕ್ಕೆ ಬರೋಣ.

ನಮೂನೆ 26 ಎಂದರೆ ಪ್ರತಿ ಅಭ್ಯರ್ಥಿ ನಾಮಪತ್ರದೊಂದಿಗೆ ನೋಟರಿ ಮುಂದೆ ಪ್ರಮಾಣ ಮಾಡಿ ಕೊಡುವ ಅಫಿಡವಿಟ್. ಸಲ್ಲಿಕೆಯಾದ ಬಳಿಕ ಚುನಾವಣಾಧಿಕಾರಿಯ ಸೂಚನಾ ಫಲಕದಲ್ಲಿ, ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ, ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್‌ನಲ್ಲಿ ಸಿಗುತ್ತದೆ. ಪತ್ರಿಕೆಗಳು ಸಾಮಾನ್ಯವಾಗಿ ಎತ್ತಿಕೊಳ್ಳುವುದು 7ನೇ ಕಲಮು: ಎಷ್ಟು ಕೆಜಿ ಚಿನ್ನ, ಯಾವ ಕಾರು. ಓದಬೇಕಾದದ್ದು 5 ಮತ್ತು 6. ಐದರಲ್ಲಿ ಬಾಕಿ ಕೇಸುಗಳು: ಎಫ್‌ಐಆರ್ ಸಂಖ್ಯೆ ಮತ್ತು ಠಾಣೆ, ಕೇಸ್ ನಂಬರ್ ಮತ್ತು ನ್ಯಾಯಾಲಯ, ಸೆಕ್ಷನ್, ಅಪರಾಧದ ಸಂಕ್ಷಿಪ್ತ ವಿವರ, ಆರೋಪ ನಿಗದಿಯಾಗಿದೆಯೇ, ಆಗಿದ್ದರೆ ಯಾವ ತಾರೀಕು. ಆರರಲ್ಲಿ ಶಿಕ್ಷೆಯಾದ ಕೇಸುಗಳು.

ಕೇಸುಗಳ ಸಂಖ್ಯೆ ಎಣಿಸುವುದು ಮೊದಲ ತಪ್ಪು. ಹೋರಾಟದಿಂದ ಬಂದ ರಾಜಕಾರಣಿಯ ಮೇಲೆ ಹದಿನೈದು ಕೇಸಿದ್ದು, ಎಲ್ಲವೂ ಐಪಿಸಿ 143, 188, 341 ಆಗಿರಬಹುದು. ಅಂದರೆ ಅಕ್ರಮ ಕೂಟ, ಆದೇಶ ಉಲ್ಲಂಘನೆ, ದಾರಿಗೆ ಅಡ್ಡ ನಿಂತದ್ದು. 2022ರ ಮೇಕೆದಾಟು ಪಾದಯಾತ್ರೆಯಲ್ಲಿ ಕೋವಿಡ್ ನಿಯಮದ ಹೆಸರಿನಲ್ಲಿ ಬಿದ್ದ ಕೇಸುಗಳು ಈ ಜಾತಿಯವು. ಇನ್ನೊಬ್ಬರ ಮೇಲೆ ಒಂದೇ ಕೇಸು, ಆದರೆ ಅದು 409 ಮತ್ತು 468. ಎರಡನೆಯದೇ ಭಾರ. 302 ಕೊಲೆ, 307 ಕೊಲೆ ಯತ್ನ, 376 ಅತ್ಯಾಚಾರ, 409 ಸಾರ್ವಜನಿಕ ನೌಕರರ ನಂಬಿಕೆ ದ್ರೋಹ, 420 ವಂಚನೆ, 468 ವಂಚನೆಗಾಗಿ ನಕಲಿ ದಾಖಲೆ, ಜೊತೆಗೆ ಭ್ರಷ್ಟಾಚಾರ ತಡೆ ಕಾಯ್ದೆಯ 7 ಮತ್ತು 13: ಇಷ್ಟು ಗುರುತಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. 2024ರ ಜುಲೈ 1ರ ನಂತರದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆಯ ಹೊಸ ಸಂಖ್ಯೆ: ಕ್ರಮವಾಗಿ 103, 109, 64, 316(5), 318(4), 336(3). ಹಳೆಯ ಕೇಸು ಹಳೆಯ ಸಂಖ್ಯೆಯಲ್ಲೇ ಮುಂದುವರಿಯುವುದರಿಂದ ಇನ್ನು ಹಲವು ವರ್ಷ ಒಂದೇ ಅಫಿಡವಿಟ್‌ನಲ್ಲಿ ಎರಡೂ ಬಗೆ ಕಾಣುತ್ತವೆ.

ಎರಡನೆಯ ತಪ್ಪು ಎಫ್‌ಐಆರ್ ಮತ್ತು ಆರೋಪ ನಿಗದಿಯನ್ನು ಒಂದೇ ಎಂದುಕೊಳ್ಳುವುದು. ಎಫ್‌ಐಆರ್ ಎಂದರೆ ದೂರು ದಾಖಲಾಗಿದೆ ಅಷ್ಟೇ, ಎದುರಾಳಿಯೂ ಹಾಕಿಸಬಹುದು. ಆರೋಪ ನಿಗದಿ ಎಂದರೆ ನ್ಯಾಯಾಧೀಶರು ಕಾಗದಪತ್ರ ನೋಡಿ ವಿಚಾರಣೆಗೆ ಮೇಲ್ನೋಟಕ್ಕೆ ಆಧಾರವಿದೆ ಎಂದಿದ್ದಾರೆ. ‘ಎಲ್ಲ ಸುಳ್ಳು ಕೇಸು’ ಎಂಬ ನಾಯಕರ ಮಾತಿಗೆ ಆ ತಾರೀಕಿನ ಕಲಮೇ ಉತ್ತರ. ಹತ್ತು ವರ್ಷದ ಹಿಂದಿನ ಎಫ್‌ಐಆರ್‌ಗೆ ಇನ್ನೂ ಆರೋಪ ನಿಗದಿ ಆಗಿಲ್ಲವೆಂದರೆ ಕೇಳಬೇಕಾದ ಪ್ರಶ್ನೆ ಬೇರೆ: ತಡೆಯಾಜ್ಞೆ ಯಾರು ತಂದರು, ಎಷ್ಟು ಸಲ ಗೈರಾದರು. ಕೇಸ್ ನಂಬರ್ ಇದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ. ಪ್ರತಿ ಕೇಸಿಗೂ ಇರುವ 16 ಅಕ್ಷರಾಂಕಿಗಳ ಗುರುತಿನ ಸಂಖ್ಯೆ (ಸಿಎನ್‌ಆರ್) ಸಿಕ್ಕರೆ ಪ್ರತಿ ವಾಯಿದೆಯ ವಿವರ ಕಾಣುತ್ತದೆ. ಎಡವಟ್ಟಾಗುವುದು ಅಫಿಡವಿಟ್‌ನಲ್ಲಿ ಎಫ್‌ಐಆರ್ ಸಂಖ್ಯೆ ಮಾತ್ರ ಬರೆದು ನ್ಯಾಯಾಲಯದ ಸಂಖ್ಯೆ ಬರೆಯದಿದ್ದಾಗ. ಕಲಮು ಖಾಲಿ ಬಿಡುವಂತಿಲ್ಲ, ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಬೇಕೆಂದು ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ನೋಟಿಸ್ ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು. ಆದರೆ ಸುಳ್ಳು ತುಂಬಿದ್ದಾರೆ ಎಂಬ ಕಾರಣಕ್ಕೆ ಚುನಾವಣಾಧಿಕಾರಿ ತಿರಸ್ಕರಿಸುವಂತಿಲ್ಲ. ಯಾರಾದರೂ ಪ್ರತಿ-ಪ್ರಮಾಣಪತ್ರ ಕೊಟ್ಟರೆ ಅದನ್ನೂ ಫಲಕಕ್ಕೆ ಹಾಕಬೇಕು, ಅಷ್ಟೇ. ಸುಳ್ಳಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಅಡಿ ಗರಿಷ್ಠ ಶಿಕ್ಷೆ ಆರು ತಿಂಗಳು. ಆಯ್ಕೆಯನ್ನೇ ಪ್ರಶ್ನಿಸಬೇಕಾದರೆ ಫಲಿತಾಂಶದ 45 ದಿನದೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ. ಕ್ಷೇತ್ರದ ಯಾವ ಮತದಾರರೂ ಹಾಕಬಹುದು, ಭದ್ರತಾ ಠೇವಣಿ 2,000 ರೂಪಾಯಿ. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಹಾಸನದ್ದು ನಾಲ್ಕು ವರ್ಷ ದಾಟಿತು.

ಅಂಕಿ ಅಂಶಗಳ ಬಗ್ಗೆಯೂ ಒಂದು ಎಚ್ಚರಿಕೆ. 2023ರಲ್ಲಿ ಗೆದ್ದ ನಮ್ಮ ಶಾಸಕರಲ್ಲಿ 122 ಮಂದಿ ತಮ್ಮ ಮೇಲೆ ಕ್ರಿಮಿನಲ್ ಕೇಸು ಇದೆ ಎಂದು ಘೋಷಿಸಿದ್ದಾರೆ. 2024ರ ಲೋಕಸಭೆಯಲ್ಲಿ 543ರಲ್ಲಿ 251. ಕೇಸಿರುವವರ ಗೆಲುವಿನ ಪ್ರಮಾಣ ಶೇ 15.3, ಕೇಸಿಲ್ಲದವರದು ಶೇ 4.4 ಎಂದು ಅಭ್ಯರ್ಥಿಗಳ ಅಫಿಡವಿಟ್ ವಿಶ್ಲೇಷಿಸುವ ಎಡಿಆರ್ ಸಂಸ್ಥೆ ಲೆಕ್ಕ ಹಾಕಿದೆ. ಇದನ್ನಿಟ್ಟುಕೊಂಡು ಜನ ಅಪರಾಧಿಗಳನ್ನೇ ಇಷ್ಟಪಡುತ್ತಾರೆ ಎಂದು ಬರೆಯುವವರು ಒಂದನ್ನು ಮರೆಯುತ್ತಾರೆ. ಕೇಸಿಲ್ಲದವರ ಗುಂಪಿನಲ್ಲಿ ಠೇವಣಿ ಕಳೆದುಕೊಳ್ಳುವ ಸಾವಿರಾರು ಪಕ್ಷೇತರರು, ಹೆಸರಿಗಷ್ಟೇ ಇರುವ ಪಕ್ಷಗಳವರು ಸೇರಿದ್ದಾರೆ. ದೊಡ್ಡ ಪಕ್ಷಗಳ ಅಭ್ಯರ್ಥಿಗಳನ್ನಷ್ಟೇ ಹೋಲಿಸಿದರೆ ಮಾತ್ರ ಮತದಾರರ ಮನಸ್ಸು ತಿಳಿದೀತು. ಮತಯಂತ್ರದಲ್ಲಿ ಗೆಲ್ಲಬಲ್ಲ ಎರಡೋ ಮೂರೋ ಹೆಸರಿಗೂ ಕೇಸಿದ್ದರೆ ನಿಷ್ಠೆಯ ಪ್ರಶ್ನೆ ಮತಗಟ್ಟೆಗೆ ಬರುವ ಮೊದಲೇ, ಟಿಕೆಟ್ ಹಂಚುವ ಕೋಣೆಯಲ್ಲಿ ಮುಗಿದಿರುತ್ತದೆ.

ಆ ಕೋಣೆಯ ಬಾಗಿಲಿಗಿರುವ ಒಂದೇ ಕಿಂಡಿ ಸಿ-7. 2020ರ ಫೆಬ್ರುವರಿ 13ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಕೇಸಿರುವವರಿಗೆ ಟಿಕೆಟ್ ಕೊಟ್ಟ ಪಕ್ಷ ಆಯ್ಕೆಯ 48 ಗಂಟೆಯೊಳಗೆ ಕಾರಣ ಪ್ರಕಟಿಸಬೇಕು: ಒಂದು ಸ್ಥಳೀಯ ಭಾಷೆಯ ಪತ್ರಿಕೆ, ಒಂದು ರಾಷ್ಟ್ರೀಯ ಪತ್ರಿಕೆ, ಪಕ್ಷದ ಸಾಮಾಜಿಕ ಜಾಲತಾಣ ಖಾತೆ, ವೆಬ್‌ಸೈಟ್. 72 ಗಂಟೆಯೊಳಗೆ ಆಯೋಗಕ್ಕೆ ಸಿ-8ರಲ್ಲಿ ವರದಿ. ಕಾರಣ ಅಭ್ಯರ್ಥಿಯ ಅರ್ಹತೆ, ಸಾಧನೆಗೆ ಸಂಬಂಧಿಸಿರಬೇಕು. ಗೆಲ್ಲುವ ಕುದುರೆ ಎಂಬುದು ಕಾರಣವಾಗದು. ಜೊತೆಗೆ, ಕೇಸಿಲ್ಲದ ಇನ್ನೊಬ್ಬರನ್ನು ಏಕೆ ಆರಿಸಲಾಗಲಿಲ್ಲ ಎಂದೂ ಬರೆಯಬೇಕು. ಪಕ್ಷಕ್ಕೆ ಕೇಸಿನ ವಿಷಯ ಗೊತ್ತಿರಲಿಲ್ಲ ಎನ್ನುವಂತಿಲ್ಲ, ಏಕೆಂದರೆ ನಮೂನೆ 26ರ 6ಎ ಕಲಮಿನಲ್ಲಿ ಅಭ್ಯರ್ಥಿಯೇ ಪಕ್ಷಕ್ಕೆ ಪೂರ್ಣ ಮಾಹಿತಿ ಕೊಟ್ಟಿದ್ದೇನೆಂದು ಪ್ರಮಾಣ ಮಾಡಿರುತ್ತಾರೆ.

ಪಕ್ಷಗಳು ಸಿ-7ರ ಕಾರಣದ ಕಲಮಿನಲ್ಲಿ ತುಂಬುವುದೇನು? ಜನಪ್ರಿಯರು, ಸಮಾಜ ಸೇವಕರು, ಕೇಸುಗಳು ರಾಜಕೀಯ ದ್ವೇಷದಿಂದ ಕೂಡಿವೆ. ಹೆಸರು ಬದಲಿಸಿ ಇದನ್ನೇ ಮತ್ತೆ ಮತ್ತೆ ಅಂಟಿಸುತ್ತಾರೆ. ಬಿಹಾರದ 2020ರ ಚುನಾವಣೆಯಲ್ಲಿ ಈ ಆದೇಶ ಪಾಲಿಸದ್ದಕ್ಕೆ ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಎಂಟು ಪಕ್ಷಗಳಿಗೆ ದಂಡ ಹಾಕಿತು. ಬಿಜೆಪಿ, ಕಾಂಗ್ರೆಸ್ ಸೇರಿ ಆರಕ್ಕೆ ತಲಾ 1 ಲಕ್ಷ, ಸಿಪಿಎಂ ಮತ್ತು ಎನ್‌ಸಿಪಿಗೆ ತಲಾ 5 ಲಕ್ಷ. ವಿಧಾನಸಭೆಗೆ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ ನಮ್ಮಲ್ಲಿ 40 ಲಕ್ಷ ಇರುವಾಗ, ಇಡೀ ರಾಜ್ಯದ ಚುನಾವಣೆಗೆ ಒಂದು ಪಕ್ಷಕ್ಕೆ ಒಂದು ಲಕ್ಷದ ದಂಡ ಯಾವ ಮೂಲೆಗೆ?

ಪತ್ರಿಕೆಗಳ ಪಾತ್ರವೂ ಇಲ್ಲಿದೆ. ಅಭ್ಯರ್ಥಿ ಸಿ-1ರಲ್ಲಿ, ಪಕ್ಷ ಸಿ-2ರಲ್ಲಿ ಕೇಸುಗಳ ಪ್ರಕಟಣೆಯನ್ನು ಮೂರು ಸಲ ಕೊಡಬೇಕು: ನಾಮಪತ್ರ ವಾಪಸಾತಿಯ ಕೊನೆಯ ದಿನದಿಂದ ಮೊದಲ ನಾಲ್ಕು ದಿನದೊಳಗೆ, ಐದರಿಂದ ಎಂಟನೇ ದಿನದೊಳಗೆ, ಒಂಬತ್ತನೇ ದಿನದಿಂದ ಪ್ರಚಾರ ಮುಗಿಯುವವರೆಗೆ. ಅಕ್ಷರ ಕನಿಷ್ಠ 12 ಪಾಯಿಂಟ್. ಟಿ.ವಿ.ಯಲ್ಲಾದರೆ ಬೆಳಿಗ್ಗೆ 8ರಿಂದ ರಾತ್ರಿ 10ರೊಳಗೆ, ಕನಿಷ್ಠ 7 ಸೆಕೆಂಡು. ಅಚ್ಚಾಗುವುದಂತೂ ಅಚ್ಚಾಗುತ್ತದೆ: ಟೆಂಡರ್ ಪ್ರಕಟಣೆ, ಹೆಸರು ಬದಲಾವಣೆ, ಕಳೆದುಹೋದ ಅಂಕಪಟ್ಟಿಗಳ ನಡುವೆ. ಅದೇ ದಿನ ಮೊದಲ ಪುಟದಲ್ಲಿ ಅದೇ ಅಭ್ಯರ್ಥಿಯ ಕೈಮುಗಿದ ಫೋಟೊ.

ಇನ್ನೊಂದು ತಪ್ಪನ್ನು ಸುದ್ದಿಮನೆಗಳು ಪದೇ ಪದೇ ಮಾಡುತ್ತವೆ. ಸಂಸದರಿಗೋ ಶಾಸಕರಿಗೋ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಸ್ಥಾನ ತಕ್ಷಣ ಹೋಗುತ್ತದೆ. ಮೂರು ತಿಂಗಳ ರಕ್ಷಣೆ ಕೊಡುತ್ತಿದ್ದ ಪ್ರಜಾಪ್ರತಿನಿಧಿ ಕಾಯ್ದೆಯ 8(4)ನ್ನು ಸುಪ್ರೀಂ ಕೋರ್ಟ್ 2013ರ ಜುಲೈ 10ರಂದು ರದ್ದು ಮಾಡಿದೆ. ಮೇಲಿನ ಕೋರ್ಟ್ ‘ಶಿಕ್ಷೆ ಅಮಾನತು’ ಮಾಡಿದರೆ ಜೈಲಿನಿಂದ ಹೊರಬರಬಹುದು, ಅನರ್ಹತೆ ಉಳಿಯುತ್ತದೆ. ‘ದೋಷಿ ಎಂಬ ತೀರ್ಪಿಗೆ ತಡೆ’ ಸಿಕ್ಕರಷ್ಟೇ ಸ್ಥಾನ ಮರಳುತ್ತದೆ. ಶೀರ್ಷಿಕೆಯಲ್ಲಿ ಎರಡಕ್ಕೂ ‘ಬಿಗ್ ರಿಲೀಫ್’ ಎಂದು ಹಾಕಿದರೆ ಓದುಗರಿಗೆ ತಿಳಿಯುವುದು ಹೇಗೆ? 2013ರ ಆ ತೀರ್ಪನ್ನು ಮೀರಲು ಮನಮೋಹನ್ ಸಿಂಗ್ ಸರ್ಕಾರ ತರಹೊರಟ ಸುಗ್ರೀವಾಜ್ಞೆ ಹರಿದು ಬಿಸಾಡಲು ಲಾಯಕ್ಕು ಎಂದವರು ರಾಹುಲ್ ಗಾಂಧಿ. 2023ರ ಮಾರ್ಚ್‌ನಲ್ಲಿ ಸೂರತ್ ನ್ಯಾಯಾಲಯದ ಎರಡು ವರ್ಷದ ಶಿಕ್ಷೆಗೆ ಮರುದಿನವೇ ಅವರ ಸಂಸತ್ ಸ್ಥಾನ ಹೋದಾಗ ಕಾಂಗ್ರೆಸ್ಸಿಗೆ ಅದೇ ನಿಯಮ ಪ್ರಜಾಪ್ರಭುತ್ವದ ಕೊಲೆಯಂತೆ ಕಂಡಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು ತೀರ್ಪಿಗೆ, ಬರೀ ಶಿಕ್ಷೆಗಲ್ಲ. ಹಾಗಾಗಿಯೇ 7ರಂದು ಸ್ಥಾನ ಮರಳಿತು.

ಆದ್ದರಿಂದ ಸಂಪಾದಕರೇ, ಬೇಡಿಕೆ ಇಷ್ಟು. ನಾಮಪತ್ರ ವಾಪಸಾತಿಯ ಮರುದಿನ ಪ್ರತಿ ಕ್ಷೇತ್ರದ ಪ್ರಮುಖ ಅಭ್ಯರ್ಥಿಗಳ 5 ಮತ್ತು 6ನೇ ಕಲಮನ್ನು ಸುದ್ದಿಯಾಗಿ, ಜಿಲ್ಲಾ ಪುಟದಲ್ಲಿ, ಸೆಕ್ಷನ್‌ಗಳ ಅರ್ಥ ಸಮೇತ ಹಾಕಿ. ಸಿ-7ರ ‘ಇನ್ನೊಬ್ಬರನ್ನು ಏಕೆ ಆರಿಸಲಿಲ್ಲ’ ಎಂಬ ಉತ್ತರವನ್ನು ಒಂದಕ್ಷರ ಬದಲಿಸದೆ ಮೊದಲ ಪುಟದಲ್ಲಿ ಪ್ರಕಟಿಸಿ. ಅದೇ ಪಕ್ಷ ಎದುರಾಳಿಯ ಅಂಥದೇ ಕೇಸಿನ ಬಗ್ಗೆ ಹಿಂದೆ ಕೊಟ್ಟ ಹೇಳಿಕೆಯನ್ನು ತಾರೀಕು ಹಾಕಿ ಪಕ್ಕದಲ್ಲಿಡಿ. ವ್ಯಾಖ್ಯಾನ ಬೇಡ. ಪಕ್ಷಾಂತರಿಗಳ ವಿಷಯದಲ್ಲಿ ಇದು ಇನ್ನೂ ಸುಲಭ: ಒಬ್ಬರೇ ವ್ಯಕ್ತಿಯ ಬಗ್ಗೆ ಎರಡು ಪಕ್ಷಗಳ ಎರಡು ಸಿ-7 ಸಿಗುತ್ತವೆ. ಗೆದ್ದವರ ಕೇಸುಗಳ ಸ್ಥಿತಿಯನ್ನು ಆರು ತಿಂಗಳಿಗೊಮ್ಮೆ ಇ-ಕೋರ್ಟ್ಸ್‌ನಿಂದ ತೆಗೆದು ಹಾಕಿ, ವಾಯಿದೆಗೆ ಎಷ್ಟು ಸಲ ಬಂದರು, ಎಷ್ಟು ಸಲ ಬರಲಿಲ್ಲ ಎಂಬ ಸಮೇತ. ಪಕ್ಷಗಳ ವೆಬ್‌ಸೈಟಿನಲ್ಲಿ ಹಳೆಯ ಪಟ್ಟಿ ಎಷ್ಟು ದಿನ ಇರುತ್ತದೆಂಬ ಖಾತರಿಯಿಲ್ಲ. ಮುಂದಿನ ವಿಧಾನಸಭಾ ಚುನಾವಣೆಯ ಟಿಕೆಟ್ ಹಂಚಿಕೆ ಶುರುವಾಗುವ ಮೊದಲೇ 2023ರ ಸಿ-7ಗಳನ್ನು ನಿಮ್ಮ ಗ್ರಂಥಾಲಯದ ಹಳೆಯ ಸಂಚಿಕೆಗಳಿಂದ ತೆಗೆಸಿ, ಕ್ಷೇತ್ರವಾರು ಜೋಡಿಸಿಡಿ.

ಇತಿ,
ಒಬ್ಬ ಓದುಗ, ದಾವಣಗೆರೆ